ಪಂಚಾಕ್ಷರಪ್ಪನ ಹೆಸರಿನ ಮಿದುಳು

"ಇದು ಸತ್ತವರ ಮಿದುಳಲ್ಲ ಮೇಡಂ."

ಸುಷ್ಮಿತಾ ಪರದೆಯಿಂದ ಕಣ್ಣು ಕೀಳದೆ ಹೇಳಿದಳು. ಸಬ್‌ಇನ್‌ಸ್ಪೆಕ್ಟರ್ ಗಂಗಾಶ್ರೀ ತುಟಿಯವರೆಗೆ ತಂದಿದ್ದ ಚಹಾದ ಲೋಟವನ್ನು ಕುಡಿಯದೆ ಮೇಜಿನ ಮೇಲಿಟ್ಟಳು.

"ಅಂದ್ರೆ?"

"ಹೆಸರು ಪಂಚಾಕ್ಷರಪ್ಪನವರದ್ದು. ನಂಬರೂ ಅವರದ್ದೇ. ಒಳಗಿರೋ ಮಿದುಳು ಮಾತ್ರ ಬೇರೆ ಯಾರದ್ದೋ."

ಅದು ಸೊರಬದಲ್ಲಿ ಹಿರಿಯರ ನೆನಪಿನ ಅಧ್ಯಯನ ನಡೆಸುವ ಮಹಡಿಯ ಕೋಣೆ.

ಬಳ್ಳಿಗಾವಿಯ ಪಂಚಾಕ್ಷರಪ್ಪ ಶಿರಾಳಕೊಪ್ಪದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದವರು. ಕಳೆದ ತಿಂಗಳು ಊರ ಕೆರೆಯಲ್ಲಿ ಹೆಣವಾಗಿ ತೇಲಿದ್ದರು. ಮರೆವಿನ ಕಾಯಿಲೆಯ ಮುದುಕ, ದಾರಿ ತಪ್ಪಿ ಜಾರಿ ಬಿದ್ದ ಎಂದು ಊರೆಲ್ಲ ನಂಬಿತ್ತು. ನಂಬದೆ ಶಿಕಾರಿಪುರದ ಠಾಣೆಯ ಮೆಟ್ಟಿಲು ಹತ್ತಿದವಳು ಸೊರಬಕ್ಕೆ ಕೊಟ್ಟಿದ್ದ ಮಗಳು ರಕ್ಷಿತಾ ಒಬ್ಬಳೇ.

"ನಮ್ಮಪ್ಪಾಜಿಗೆ ಮರೆವಿರ್ಲಿಲ್ಲ. ಯಾರೋ ಕೊಂದಿದಾರೆ. ಬೇರೆ ಯಾರೂ ಅಲ್ಲ, ನಮ್ಮಣ್ಣನ್ನೇ ವಿಚಾರಿಸಿ," ಎಂದಿದ್ದಳು ಅವಳು.

ಅವಳ ಹಟಕ್ಕೆ ಶವಪರೀಕ್ಷೆಯಲ್ಲಿ ಮಿದುಳಿನ ತುಣುಕನ್ನೂ ತೆಗೆದು ಪ್ರಯೋಗಾಲಯಕ್ಕೆ ಕಳಿಸಲಾಗಿತ್ತು. ನಿನ್ನೆ ಅಲ್ಲಿಂದ ಫೋನು ಬಂದಿತ್ತು. ಆ ವಯಸ್ಸಿಗೆ ಅಷ್ಟು ಚೊಕ್ಕವಾದ ಮಿದುಳು ಅಪರೂಪ ಎಂದರಂತೆ ಅಲ್ಲಿನ ವೈದ್ಯರು. ಕಾಯಿಲೆಯ ಸುಳಿವೇ ಇಲ್ಲ. ಇನ್ನೂ ವಿಚಿತ್ರವೆಂದರೆ, ತಿಂಗಳುಗಟ್ಟಲೆ ಅವರ ಹೆಸರಿಗೆ ಹೋಗುತ್ತಿದ್ದ ಮರೆವಿನ ಮಾತ್ರೆಯ ಒಂದು ಕಣವೂ ಅವರ ದೇಹದಲ್ಲಿರಲಿಲ್ಲ. ಮನೆಯಲ್ಲಿ ಮಾತ್ರ ಖಾಲಿ ಮಾತ್ರೆ ಪಟ್ಟಿಗಳು ಸಿಕ್ಕಿದ್ದವು.

ಕಾಯಿಲೆ ಇದೆ ಎಂದು ಮೊದಲು ಹೇಳಿದ್ದು ಈ ಕೋಣೆ. ಅದಕ್ಕೇ ಗಂಗಾಶ್ರೀ ಬೆಳಿಗ್ಗೆಯೇ ಜೀಪು ಹತ್ತಿ ಸೊರಬಕ್ಕೆ ಬಂದಿದ್ದಳು.

"ಇದೆಲ್ಲ ನನಗೆ ತಿಳಿಯೋ ಹಾಗೆ ಹೇಳಮ್ಮ."

ಸುಷ್ಮಿತಾ ಕುರ್ಚಿ ತಿರುಗಿಸಿದಳು. ಅವಳು ಈ ನೆನಪಿನ ಅಧ್ಯಯನದ ಎಂಜಿನಿಯರು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಹಿರಿಯರನ್ನು ಶಿವಮೊಗ್ಗಕ್ಕೆ ಕರೆದೊಯ್ದು ತೆಗೆಸಿದ ಮಿದುಳಿನ ಚಿತ್ರಗಳು ಅವಳ ಬಳಿಗೆ ಬರುತ್ತಿದ್ದವು.

"ಎಂಆರ್‌ಐ ಮಿಷನ್ನಲ್ಲಿ ಕಣ್ಣು ಮುಚ್ಚಿ ಸುಮ್ನೆ ಮಲಗಿದ್ರೂ ಮಿದುಳು ಸುಮ್ನಿರಲ್ಲ ಮೇಡಂ. ಒಂದು ಭಾಗ ಇನ್ನೊಂದರ ಜತೆ ಮಾತಾಡ್ತಾ ಇರತ್ತೆ. ಆ ಏರಿಳಿತಾನ ನಾವು ಅಳೀತೀವಿ. ಶಿರಾಳಕೊಪ್ಪದ ಸಂತೇಲಿ ದೂರ ನಿಂತ್ರೆ ಬರೀ ಗದ್ದಲ ಕೇಳ್ತದೆ ಅಲ್ವಾ? ಯಾರು ಯಾರ ಹತ್ರ ಮಾತಾಡ್ತಿದಾರೆ ಅಂತ ಬಿಡಿಸ್ತಾ ಹೋದ್ರೆ, ಯಾವ ಮಾತು ನಿಂತು ಹೋಗಿದೆ ಅಂತಾನೂ ತಿಳೀತದೆ. ಮನೆಯವರಿಗೆ ಮರೆವು ಕಾಣೋಕೆ ಮುಂಚೆನೇ ಈ ಮಾತು ಕಡಿಮೆ ಆಗಿರತ್ತೆ."

"ಅದು ಸರಿ. ಬೇರೆಯವರದ್ದು ಅಂತ ಹೇಗೆ ಹೇಳ್ತೀಯ?"

"ಹೆಬ್ಬೆಟ್ಟಿನ ಗುರುತಿನ ಥರ. ಒಬ್ಬೊಬ್ಬರ ಮಿದುಳಿನ ಮಾತುಕತೆ ಒಂದೊಂದು ನಮೂನೆ. ವಯಸ್ಸಾದ್ರೂ, ಕಾಯಿಲೆ ಶುರುವಾದ್ರೂ ಅದರ ಚಹರೆ ಪೂರ್ತಿ ಬದಲಾಗಲ್ಲ. ಎರಡು ವರ್ಷದ ಕೆಳಗೆ ಎಲ್ಲರದ್ದೂ ಒಂದೊಂದು ಸಲ ತೆಗೆದಿದ್ವಿ. ಆಗ ಪಂಚಾಕ್ಷರಪ್ಪನವರದ್ದು ಒಂದು ಥರ. ಈ ವರ್ಷ ತೆಗೆದದ್ದು..." ಅವಳು ಪರದೆಯತ್ತ ಬೆರಳು ತೋರಿಸಿದಳು. ಬಣ್ಣದ ಚುಕ್ಕಿಗಳ ಎರಡು ಚೌಕಗಳು ಅಕ್ಕಪಕ್ಕ ಇದ್ದವು. ತಿಳಿಯದವರಿಗೂ ಕಾಣುವಷ್ಟು ಬೇರೆ ಬೇರೆ. "ಒಬ್ಬ ಮನುಷ್ಯಂದು ಇಷ್ಟು ಬದಲಾಗಲ್ಲ."

"ಹಾಗಾದ್ರೆ ಈ ಎರಡನೇದು ಯಾರದ್ದು?"

"ಅದನ್ನೇ ಹುಡುಕಿಸ್ತಾ ಇದೀನಿ. ಹಳೇ ಚಿತ್ರ ಎಲ್ಲದರ ಜತೆ ಹೋಲಿಸ್ತಾ ಇದೆ."

ಗಂಗಾಶ್ರೀಗೆ ರೇಣುಕಾಪ್ರಸಾದನ ಮುಖ ಕಣ್ಣಮುಂದೆ ಬಂತು. ಪಂಚಾಕ್ಷರಪ್ಪನ ಮಗ. ಅಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಎಲ್ಲರಿಗೂ ಹೇಳಿ ಅಂಗಡಿಯ ಗಲ್ಲಾದ ಮೇಲೆ ಕುಳಿತವನು. ಆರೋಗ್ಯವಂತ ಅಪ್ಪನನ್ನು ರೋಗಿ ಮಾಡಿಸಿ, ಆಮೇಲೆ ಕೆರೆಗೆ ನೂಕಿ, ಮರೆವಿನ ಮೇಲೆ ಹಾಕಿದ. ಅವಳ ಲೆಕ್ಕ ಅದೇ ಆಗಿತ್ತು. ಇವತ್ತು ಸಂಜೆಯೊಳಗೆ ಅವನನ್ನು ಠಾಣೆಗೆ ಎಳೆತರುವ ಯೋಚನೆಯಲ್ಲಿದ್ದಳು.

ಕಂಪ್ಯೂಟರ್ ಸಣ್ಣಗೆ ಸದ್ದು ಮಾಡಿತು. ಸುಷ್ಮಿತಾ ಮುಂದಕ್ಕೆ ಬಾಗಿದಳು.

"ಸಿಕ್ತು."

"ಯಾರು?"

"ನನಗೆ ಹೆಸರು ಕಾಣಲ್ಲ ಮೇಡಂ. ಪಂಚಾಕ್ಷರಪ್ಪನವರ ನಂಬರ್ ನೀವು ತಂದ ರಿಪೋರ್ಟಲ್ಲಿತ್ತು. ಮುಖ ಅಳಿಸಿ ಬರೀ ನಂಬರ್ ಕಳಿಸ್ತಾರೆ. ಹೆಸರು ನವೀನ್‌ಗೆ ಗೊತ್ತು."

ನವೀನ್ ಪಕ್ಕದ ಕೋಣೆಯಲ್ಲೇ ಇದ್ದ. ಹಿರಿಯರನ್ನು ಮನೆಯಿಂದ ವ್ಯಾನಿನಲ್ಲಿ ಕರೆತಂದು, ನಂಬರು ಕೊಟ್ಟು, ಯಂತ್ರದೊಳಗೆ ಮಲಗಿಸಿ, ಮತ್ತೆ ಮನೆ ಮುಟ್ಟಿಸುವ ಕೆಲಸ ಅವನದು. ನಗುತ್ತಲೇ ಒಳಗೆ ಬಂದ. ಸುಷ್ಮಿತಾ ಪರದೆಯ ಮೇಲಿನ ನಂಬರನ್ನು ತೋರಿಸಿದಳು.

ಅವನ ನಗು ಅಲ್ಲೇ ಸತ್ತಿತು.

"ಯಾರದ್ದಪ್ಪ ಇದು?" ಎಂದಳು ಗಂಗಾಶ್ರೀ.

ಅವನು ಗೋಡೆಗೆ ಒರಗಿ ನಿಂತ. ನಿಂತಲ್ಲೇ ಜಾರಿ ನೆಲಕ್ಕೆ ಕುಳಿತ.

"ಅಮ್ಮಾರ್ದು," ಎಂದ. "ಜಗದಾಂಬ ಅಮ್ಮಾರ್ದು."

ಗಂಗಾಶ್ರೀಗೆ ಒಂದು ಕ್ಷಣ ಆ ಹೆಸರು ಯಾರದ್ದೆಂದು ಹೊಳೆಯಲೇ ಇಲ್ಲ. ಆಮೇಲೆ ಹೊಳೆಯಿತು.

ಸತ್ತವನ ಹೆಂಡತಿ.

"ಯಾರು ಹೇಳಿ ಮಾಡಿಸಿದ್ದು? ರೇಣುಕಾಪ್ರಸಾದಾ?"

"ಅಲ್ಲ ಮೇಡಂ. ಪಂಚಾಕ್ಷರಪ್ಪಾರೇ."

"ಏನು?"

"ದೇವರಾಣೆ ಮೇಡಂ. ಅವತ್ತು ಶಿವಮೊಗ್ಗದಲ್ಲಿ ಅಮ್ಮಾರು ಕೈಕಾಲು ತೊಳಿಯೋಕೆ ಹೋಗಿದ್ರು. ಅಪ್ಪಾರು ನನ್ನ ಕೈ ಹಿಡ್ಕೊಂಡ್ರು. 'ತಮ್ಮಾ, ಅವಳ ಚಿತ್ರಾನ ನನ್ನ ಹೆಸರಿಗೆ ಹಾಕು, ನಂದು ಅವಳ ಹೆಸರಿಗೆ ಹಾಕು' ಅಂದ್ರು. ಆಗಲ್ಲ ಅಂದೆ. ಅಳೋಕೆ ಶುರು ಮಾಡಿದ್ರು. ಅಷ್ಟು ದೊಡ್ಡ ಮನುಷ್ಯ, ಎಲ್ಲರೂ ನೋಡೋ ಹಾಗೆ."

"ಯಾಕೆ ಅಂತ ಕೇಳಲಿಲ್ವಾ?"

"ಕೇಳ್ದೆ. ಒಂದಿನ ಮನೇಲಿ ಅಮ್ಮಾರು ಚಾ ತಂದುಕೊಟ್ಟು, 'ನೀವು ಯಾವೂರಾರು? ನಮ್ಮನೆಯವರನ್ನ ನೋಡಾಕೆ ಬಂದ್ರಾ?' ಅಂತ ಇವರನ್ನೇ ಕೇಳಿದ್ರಂತೆ. ಗಂಡನ್ನೇ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಯಾಗಿ, ಊಟಕ್ಕೆ ಕರೆದ್ರಂತೆ. ಅವತ್ತಿಂದ ಇವರಿಗೆ ನಿದ್ದೆ ಇಲ್ಲ."

ಮುಂದೆ ಹೇಳು ಎಂಬಂತೆ ಗಂಗಾಶ್ರೀ ತಲೆಯಾಡಿಸಿದಳು.

"'ಅವಳಿಗೆ ಕಾಯಿಲೆ ಅಂತ ಬರೆದ್ರೆ ಮಕ್ಕಳು ಒಲೆ ಮುಂದೆ ಕೂರೋಕೆ ಬಿಡಲ್ಲ' ಅಂದ್ರು. 'ಬೀಗದಕೈ ಕಿತ್ಕೊತಾರೆ. ಮೊಮ್ಮಗೂನ ಎತ್ಕೊಳ್ಳೋಕೆ ಕೊಡಲ್ಲ. ಊರಾಗೆ ದೆವ್ವ ಬಡದೈತಿ ಅಂತಾರೆ. ನನಗೆ ಬರೀರಿ. ಗಂಡಸಿಗೆ ಮರೆವು ಅಂದ್ರೆ ವಯಸ್ಸಾತು ಅಂದು ಸುಮ್ನಾಗ್ತಾರೆ. ಮಾತ್ರೆ ನನ್ನ ಹೆಸರಿಗೆ ಬರ್ಲಿ, ಅವಳಿಗೆ ನಾನೇ ನುಂಗಿಸ್ತೀನಿ' ಅಂದ್ರು."

ಸುಷ್ಮಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಅಂದ್ರೆ ಅವರು ತೀರಿಕೊಂಡಾಗಿನಿಂದ..." ಅವಳು ಗಂಗಾಶ್ರೀಯತ್ತ ತಿರುಗಿದಳು. "ಮೇಡಂ, ಒಂದು ತಿಂಗಳಿಂದ ಆ ಅಮ್ಮಂಗೆ ಯಾರೂ ಮಾತ್ರೆ ಕೊಟ್ಟಿಲ್ಲ. ಕಾಯಿಲೆ ಇದೆ ಅಂತ ಯಾರಿಗೂ ಗೊತ್ತೇ ಇಲ್ಲ."

ಗಂಗಾಶ್ರೀ ಎದ್ದು ಕಿಟಕಿಯ ಬಳಿ ಹೋದಳು. ಅವಳ ತಲೆಯಲ್ಲಿ ಸುತ್ತುತ್ತಿದ್ದದ್ದು ಬೇರೆ. ಪಂಚಾಕ್ಷರಪ್ಪ ಆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋದರು, ಯಾವ ಕಡೆ ಹೋದರು, ಯಾರ ಜತೆ ಹೋದರು ಎಂಬ ಪ್ರತಿಯೊಂದೂ ಒಬ್ಬರ ಬಾಯಿಂದ ಬಂದದ್ದು. ಜಗದಾಂಬ ಹೇಳಿದ್ದು. 'ಯಜಮಾನ್ರು ನಸುಕಿಗೇ ಒಬ್ರೇ ಕೆರೆ ಕಡೆ ಹೋದ್ರು. ನಾನು ಪೂಜೆಗೆ ಕುಂತಿದ್ದೆ.'

ಅಷ್ಟು ಸ್ಪಷ್ಟವಾಗಿ ಹೇಳಿದ್ದ ಆ ಸಾಕ್ಷಿಯ ಮೇಲೆ ಇಡೀ ಕೇಸು ನಿಂತಿತ್ತು.

"ಮಾಸ್ತಪ್ಪ!" ಎಂದು ಕೂಗುತ್ತಾ ಅವಳು ಮೆಟ್ಟಿಲಿಳಿದಳು. "ಗಾಡಿ ತೆಗಿ. ಬಳ್ಳಿಗಾವಿಗೆ."

ಜೀಪು ಶಿರಾಳಕೊಪ್ಪ ದಾಟುವಷ್ಟರಲ್ಲಿ ಗಂಗಾಶ್ರೀ ಪೇದೆ ಮಾಸ್ತಪ್ಪನಿಗೆ ವಿಷಯವೆಲ್ಲ ಹೇಳಿದ್ದಳು. ಊರು ಬಿಟ್ಟು ಬಳ್ಳಿಗಾವಿಯ ರಸ್ತೆಗೆ ಹೊರಳಿದಾಗ ಅವನು ಮೆಲ್ಲಗೆ ಹೇಳಿದ.

"ನನ್ನ ಹೇಂತಿ ನನ್ನ ಗುರುತಿಲ್ಲ ಅಂದ್ರೆ ನಾನು ಎದಿ ಒಡ್ಕೊಂಡು ಸಾಯ್ತೀನ್ರಿ ಮೇಡಂ. ಆ ಮನುಷ್ಯ ಹೆಂಗೆ ತಡ್ಕೊಂಡಿದ್ನೋ."

ಕೆರೆಯ ತಿರುವಿನಲ್ಲಿ ಕುರಿಗಳು ರಸ್ತೆ ತುಂಬಾ ಹರಡಿದ್ದವು. ಹೆಗಲಿಗೆ ಕಂಬಳಿ ಹಾಕಿಕೊಂಡ ಚಿಕ್ಕಬೀರಪ್ಪ ಅವನ್ನು ಪಕ್ಕಕ್ಕೆ ಹೊಡೆಯುತ್ತಿದ್ದ. ಕುರಿಗೆ ನೀರು ಕುಡಿಸಲು ಬಂದಾಗ ಮೊದಲು ಹೆಣ ಕಂಡವನು ಅವನೇ. ಗಂಗಾಶ್ರೀ ಜೀಪು ನಿಲ್ಲಿಸಿ ಕೆಳಗಿಳಿದಳು.

"ಚಿಕ್ಕಬೀರಪ್ಪ, ಅವತ್ತು ಬೆಳಿಗ್ಗೆ ಇಲ್ಲಿ ಜಗದಾಂಬ ಅವರನ್ನ ಏನಾದ್ರೂ ನೋಡಿದ್ರಾ?"

ಅವನು ಕೋಲನ್ನು ನೆಲಕ್ಕೂರಿ ನಿಂತ. ಕೆರೆಯ ಕಡೆ ನೋಡಿದ.

"ನೋಡಿದ್ನೆವ್ವ."

"ನೋಡಿದ್ರಾ? ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಹೆಣ ಎಲ್ಲಿತ್ತು ಅಂತ ಕೇಳಿದ್ರಿ. ಹೇಳ್ದೆ. ದೊಡ್ಡ ಮನಿ ಹೆಣ್ಮಗಳ ಹೆಸರು ಠಾಣೇಗೆ ಯಾಕೆ ಅಂತ ಸುಮ್ನಾದೆ."

"ಈಗ ಹೇಳಿ."

"ಹೊತ್ತು ಏರಿತ್ತು. ಬದುವಿನ ಮ್ಯಾಲೆ ಬರಿಗಾಲಾಗೆ ಬರ್ತಿತ್ತು ಆಯಮ್ಮ. ಸೀರಿ ತುಂಬ ಮುಳ್ಳು. ನನ್ನ ಕಂಡಿದ್ದೇ ಕೈಮುಗೀತು. 'ಅಪ್ಪಾ, ಪಂಚಾಕ್ಷರಪ್ಪಾರ ಮನಿ ದಾರಿ ಯಾವುದು?' ಅಂತು." ಅವನು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. "ಆ ಮನ್ಯಾಗ ಎಷ್ಟು ಸಲ ಉಂಡೀನಿ ನಾನು. ಆ ತಾಯಿ ಕೈಯಾಗೇ ಉಂಡೀನಿ. ನನ್ನ ಗುರುತೂ ಸಿಗ್ಲಿಲ್ಲ ಅದಕ್ಕೆ."

ಗಂಗಾಶ್ರೀ ಮತ್ತೆ ಜೀಪು ಹತ್ತಿದಾಗ ಬಾಗಿಲು ಹಾಕುವುದನ್ನೇ ಮರೆತಿದ್ದಳು. ಮಾಸ್ತಪ್ಪನೇ ಬಾಗಿ ಎಳೆದುಕೊಂಡ.

ಪೂಜೆಗೆ ಕುಳಿತಿದ್ದೆ ಎಂದವರು ಕೆರೆಯ ಹತ್ತಿರ ಇದ್ದರು.

ಮನೆಯ ಪಡಸಾಲೆಯಲ್ಲಿ ಜಗದಾಂಬ ಮೊರ ಮುಂದಿಟ್ಟುಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಹಣೆಯ ತುಂಬ ವಿಭೂತಿ. ಪಕ್ಕದಲ್ಲಿ ರಕ್ಷಿತಾ. ಅಪ್ಪ ಸತ್ತ ಸುದ್ದಿ ಸೊರಬದಲ್ಲಿ ಫೋನಿನಲ್ಲಿ ಕೇಳಿ ಓಡಿ ಬಂದೆ ಎಂದಿದ್ದ ಅವಳು ಆಮೇಲೆ ಗಂಡನ ಮನೆಗೆ ಹಿಂತಿರುಗಿರಲಿಲ್ಲ. ರೇಣುಕಾಪ್ರಸಾದ ಅಂಗಡಿಗೆ ಹೊರಟವನು ಜೀಪು ಕಂಡು ಬಾಗಿಲಲ್ಲೇ ನಿಂತ. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

"ಬಾರವ್ವ, ಕುಂತ್ಕೋ. ಚಾ ಕುಡೀತಿ?" ಎಂದಳು ಜಗದಾಂಬ.

"ಈಗ ಕುಡಿದೆ ಅಮ್ಮ."

ಗಂಗಾಶ್ರೀ ಟೋಪಿ ತೆಗೆದು, ನೆಲದ ಮೇಲೇ ಅವಳ ಎದುರು ಕುಳಿತಳು. ಮೊರದಿಂದ ಒಂದು ಬೆಳ್ಳುಳ್ಳಿ ಗಡ್ಡೆ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು.

"ಅವತ್ತು ಬೆಳಿಗ್ಗೆ ಏನಾಯ್ತು ಅಮ್ಮ, ಇನ್ನೊಂದು ಸಲ ಹೇಳ್ತೀರಾ?"

"ಯಜಮಾನ್ರು ನಸುಕಿಗೇ ಒಬ್ರೇ ಕೆರೆ ಕಡೆ ಹೋದ್ರು. ನಾನು ಪೂಜೆಗೆ ಕುಂತಿದ್ದೆ."

ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಶಾಲೆಯ ಮಗು ಪದ್ಯ ಒಪ್ಪಿಸಿದ ಹಾಗೆ.

"ಚಾ ಕುಡೀತಿ ಅವ್ವ?"

ಗಂಗಾಶ್ರೀಯ ಬೆರಳುಗಳು ನಿಂತವು. ಕಳೆದ ಸಲ ಬಂದಾಗಲೂ ಹೀಗೇ ಮತ್ತೆ ಮತ್ತೆ ಕೇಳಿದ್ದಳು. ಉಪಚಾರ ಎಂದುಕೊಂಡಿದ್ದಳು ಗಂಗಾಶ್ರೀ.

"ಈ ಮಾತು ಹೀಗೇ ಹೇಳು ಅಂತ ಯಾರು ಹೇಳಿಕೊಟ್ರು ಅಮ್ಮ?"

"ಮೇಡಂ," ಎಂದ ರೇಣುಕಾಪ್ರಸಾದ ಬಾಗಿಲಿನಿಂದ. "ನಮ್ಮವ್ವನ್ನ ಬಿಟ್ಟುಬಿಡ್ರಿ. ಏನು ಕೇಳೋದಿದ್ರೂ ನನ್ನ ಕೇಳ್ರಿ."

"ನಿಮ್ಮನ್ನೂ ಕೇಳ್ತೀನಿ. ಸುಮ್ನೆ ನಿಂತ್ಕೊಳ್ಳಿ." ಅವಳು ಮತ್ತೆ ಜಗದಾಂಬಳ ಕಡೆ ತಿರುಗಿದಳು. "ಅವತ್ತು ಕುರಿ ಚಿಕ್ಕಬೀರಪ್ಪನ ಹತ್ರ ಮನೆ ದಾರಿ ಕೇಳಿದ್ರಂತೆ. ಕಾಲಲ್ಲಿ ಚಪ್ಪಲಿ ಇರಲಿಲ್ವಂತೆ. ಕೆರೆ ಹತ್ರ ಯಾಕೆ ಹೋಗಿದ್ರಿ ಅಮ್ಮ?"

ಜಗದಾಂಬಳ ಮುಖ ನೋಡನೋಡುತ್ತಿದ್ದಂತೆ ಬದಲಾಯಿತು. ಕಣ್ಣುಗಳು ಬಾಗಿಲ ಕಡೆ, ಒಳಮನೆಯ ಕಡೆ ಹರಿದಾಡಿದವು. ಮುಂದಕ್ಕೆ ಬಾಗಿ ಗಂಗಾಶ್ರೀಯ ಮೊಣಕೈ ಹಿಡಿದುಕೊಂಡಳು. ಪಿಸುಗುಟ್ಟಿದಳು.

"ಅವನು ಹೋದ್ನಾ?"

"ಯಾರು?"

"ಕೆರೆ ಹತ್ರ ಬಂದಿದ್ನಲ್ಲ. ಯಜಮಾನ್ರ ಶಾಲು ಹೊದ್ಕೊಂಡು ಬಂದಿದ್ದ. ಅವರದೇ ದನಿ. ಅವರದೇ ನಡಿಗೆ. 'ಜಗದಾ, ಮನಿಗೆ ನಡಿ' ಅಂದ. ಯಜಮಾನ್ರು ಬಿಟ್ಟು ನನ್ನ ಯಾರೂ ಜಗದಾ ಅನ್ನಂಗಿಲ್ಲವ್ವ. ಇವನಿಗೆ ಹೆಂಗೆ ಗೊತ್ತಾತು ಹೇಳು?"

ಗಂಗಾಶ್ರೀ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಮೊರಕ್ಕೆ ಹಾಕಿದಳು.

"ಆಮೇಲೆ?"

"ಕೈ ಹಿಡಿದ. ಬಿಡು ಅಂದೆ. ಬಿಡ್ಲಿಲ್ಲ. ಅಳ್ತಿದ್ದ ಅವನು, ಕಳ್ಳ. ನನಗೆ ಎಲ್ಲಿತ್ತೋ ಶಕ್ತಿ. ನೂಕಿಬಿಟ್ಟೆ. ಏರಿ ಮ್ಯಾಲಿಂದ ಉರುಳಿ ಬಿದ್ದ. ನೀರಿನ ಸಪ್ಪಳ ಕೇಳ್ತು. ನಾನು ತಿರುಗಿ ನೋಡ್ಲಿಲ್ಲ."

"ಅವ್ವಾ!" ರಕ್ಷಿತಾ ಅವಳ ಹೆಗಲು ಹಿಡಿದಳು. "ಸಾಕವ್ವ, ಏನೇನೋ ಮಾತಾಡಬ್ಯಾಡ."

ಗಂಗಾಶ್ರೀ ಗೋಡೆಯ ಮೇಲೆ ಹಾರ ಹಾಕಿದ್ದ ಪಂಚಾಕ್ಷರಪ್ಪನವರ ಫೋಟೋ ತೋರಿಸಿದಳು.

"ಇವರು ಯಾರಮ್ಮ?"

ಜಗದಾಂಬ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಸಣ್ಣಗೆ ನಾಚಿದಳು.

"ಇವರೇ ನಮ್ಮನೆಯವರು. ಇವರ ಮುಂದೆ ಮಾತ್ರ ಹೇಳಬ್ಯಾಡವ್ವ, ನಿನ್ನ ಕಾಲಿಗೆ ಬೀಳ್ತೀನಿ. ಪರಗಂಡಸು ಕೈ ಹಿಡಿದ ಅಂದ್ರೆ ಭಾಳ ನೊಂದ್ಕೋತಾರೆ."

ಮಾಸ್ತಪ್ಪ ಹೊರಕ್ಕೆ ನಡೆದುಬಿಟ್ಟ.

ಗಂಗಾಶ್ರೀಗೂ ಎದ್ದು ಹೋಗಬೇಕೆನಿಸಿತು. ಎಷ್ಟೋ ಕೊಲೆಗಳ ತನಿಖೆ ಮಾಡಿದ್ದಳು. ಕೊಂದವರು ಅತ್ತದ್ದನ್ನು ನೋಡಿದ್ದಳು, ನಕ್ಕದ್ದನ್ನೂ ನೋಡಿದ್ದಳು. ಕೊಂದದ್ದು ಯಾರನ್ನೆಂದೇ ತಿಳಿಯದೆ, ಸತ್ತವನ ಮನಸ್ಸು ನೋಯದಿರಲಿ ಎಂದು ಬೇಡಿಕೊಳ್ಳುವವರನ್ನು ನೋಡಿರಲಿಲ್ಲ. ಯಾರ ಕಾಯಿಲೆಯನ್ನು ತನ್ನ ಹೆಸರಿಗೆ ಬರೆಸಿಕೊಂಡನೋ ಅವಳ ಕೈಯಿಂದಲೇ ಆ ಮನುಷ್ಯ ಹೋದನೇ?

ರೇಣುಕಾಪ್ರಸಾದ ಹೊಸ್ತಿಲ ಮೇಲೆ ಕುಸಿದು ಕುಳಿತಿದ್ದ.

"ನಮ್ಮವ್ವ ಕೊಂದಿಲ್ಲ ಮೇಡಂ."

"ನೀವೂ ಕೇಳಿದ್ರಲ್ಲ."

"ಅವ್ವ ಹೇಳಿದ್ದು ಖರೇನೇ. ನೂಕಿದ್ದೂ ಖರೆ, ಬಿದ್ದದ್ದೂ ಖರೆ. ಆದ್ರೆ ಅಪ್ಪಾಜಿ ಸಾಯ್ಲಿಲ್ಲ. ಎದ್ದು ಮನಿಗೆ ಬಂದ್ರು. ಬಾಗಿಲು ತೆಗೆದಿದ್ದು ನಾನು."

ರಕ್ಷಿತಾ ತಟ್ಟನೆ ತಲೆಯೆತ್ತಿದಳು.

"ತಾಯಿನ ಉಳಿಸೋಕೆ ಕತೆ ಕಟ್ತಾ ಇದೀರಿ," ಎಂದಳು ಗಂಗಾಶ್ರೀ.

"ಪಂಚೆ ಅರ್ಧ ತೋಯ್ದಿತ್ತು. ಬಲಗೈ ಮೊಣಕೈ ಕಿತ್ತುಹೋಗಿತ್ತು. ನಾನೇ ಅರಿಶಿನ ಒತ್ತಿ, ಹಳೇ ಪಂಚೆ ಹರಿದು ಬಿಗಿದು ಕಟ್ಟಿದೆ. ಮ್ಯಾಲೆ ಒಣಗಿದ ಅಂಗಿ ಹಾಕಿಸಿದೆ."

ಗಂಗಾಶ್ರೀ ದಿಗ್ಗನೆ ಎದ್ದು ನಿಂತಳು. ಅಂಗಿಯ ತೋಳಿನ ಒಳಗೆ ಬಟ್ಟೆಯ ಕಟ್ಟು, ಅದರಡಿ ಅರಿಶಿನ. ಶವಪರೀಕ್ಷೆ ಮಾಡಿದ ವೈದ್ಯರು ಅದನ್ನು ಹಿಂದಿನ ದಿನದ ಗಾಯ ಇರಬೇಕು ಎಂದು ಪಕ್ಕಕ್ಕಿಟ್ಟಿದ್ದರು. ತನ್ನನ್ನೂ ಆ ವೈದ್ಯರನ್ನೂ ಬಿಟ್ಟು ಆ ಕಟ್ಟನ್ನು ಕಂಡವರಿರಲಿಲ್ಲ. ಸಾವಿಗೆ ಕಾರಣವಾದದ್ದು ಬೇರೆಯೇ ಪೆಟ್ಟು. ತಲೆಯ ಹಿಂಭಾಗದಲ್ಲಿ.

"ತಲೆಗೆ ಗಾಯ ಇತ್ತಾ ಆಗ?"

"ಇರ್ಲಿಲ್ಲ. ನಾನೇ ತಲೆ ಒರೆಸಿದ್ದು ಮೇಡಂ."

"ಮತ್ತೆ ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ರಲ್ಲ! ಕೊಲೆಗಾರ ಅಂತ ತಂಗಿ ಬೊಟ್ಟು ತೋರಿಸ್ತಿದ್ರೂ!"

"ಹೇಳಿದ್ರೆ ಅವ್ವ ನೂಕಿದ್ದೂ ಹೇಳ್ಬೇಕಾಗಿತ್ತು." ಅವನು ಕೈಯಲ್ಲಿ ಮುಖ ಒರೆಸಿಕೊಂಡ. "ಕಾಯಿಲೆ ಅವ್ವಂದು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಗಾಯ ಕಟ್ಟೋವಾಗ ಅಪ್ಪಾಜಿ ಸಣ್ಣ ಹುಡುಗನಂಗೆ ಅತ್ರು. 'ನಿಮ್ಮವ್ವಗೆ ನನ್ನ ಗುರುತು ಸಿಗಲಿಲ್ಲೋ' ಅಂದ್ರು. ಅಷ್ಟೇ ಅಂದ್ರು. ನೂಕಿದ್ದು ಆಮೇಲೆ ಅವ್ವನ ಬಾಯಿಂದ್ಲೇ ತಿಳೀತು. ಅಪ್ಪನಿಗೆ ಬುದ್ಧಿ ಇಲ್ಲ ಅಂತ ಅಂಗಡಿಯಿಂದ ಎಬ್ಬಿಸಿದೋನು ನಾನು. ಒಂದಿನ ಒಂದು ಮಾತು ತಿರುಗಿ ಅನ್ಲಿಲ್ಲ ಆ ಮನುಷ್ಯ."

"ಅಮ್ಮನಿಗೆ ಆ ಹೇಳಿಕೆ ಬಾಯಿಪಾಠ ಮಾಡಿಸಿದ್ದು?"

"ನಾನೇ."

"ಗಾಯ ಕಟ್ಟಿದ ಮೇಲೆ ಏನಾಯ್ತು?"

"ಮತ್ತೆ ಕೆರೆ ಕಡೆಗೇ ಹೊಂಟ್ರು. ಬ್ಯಾಡ ಅಂದೆ. ಅವ್ವ ಇನ್ನೂ ಮನಿಗೆ ಬಂದಿರ್ಲಿಲ್ಲ ಮೇಡಂ. ಅವಳು ದಾರಿ ತಪ್ಪಿದ್ರೆ ಏನು ಗತಿ ಅಂದ್ರು. ನಾನು ಬೈಕ್ ತಗೊಂಡು ಊರಿನ ಆ ಕಡೆ ಹುಡುಕೋಕೆ ಹೋದೆ. ಅವರು ಈ ಕಡೆ ಹೋದ್ರು. ನಾನು ತಿರುಗಿ ಬರೋಷ್ಟರಲ್ಲಿ ಅವ್ವ ಮನಿ ಕಟ್ಟೆ ಮ್ಯಾಲೆ ಕುಂತಿದ್ಲು. ಅಪ್ಪಾಜಿ ಬರ್ಲೇ ಇಲ್ಲ."

"ಒಬ್ರೇ ಹೋದ್ರಾ?"

"ಒಬ್ರೇ. ನಾನೇ ನೋಡಿದೀನಿ."

"ಇಲ್ಲ," ಎಂದಳು ಜಗದಾಂಬ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಬೆಳ್ಳುಳ್ಳಿಯ ಸಿಪ್ಪೆಯನ್ನು ಮೊರದ ಮೂಲೆಗೆ ಗುಡ್ಡೆ ಹಾಕುತ್ತಿದ್ದಳು. ದನಿಯಲ್ಲಿ ಈಗ ಭಯವಿರಲಿಲ್ಲ.

"ಅವನು ಮತ್ತೆ ಬಂದ. ನಾನು ಬೇಲಿ ಮರೆಗೆ ಅಡಗಿ ಕುಂತಿದ್ದೆ. ಅವನಿಗೆ ಕಾಣ್ಲಿಲ್ಲ. ಜಗದಾ, ಜಗದಾ ಅಂತ ಕೂಗ್ತಿದ್ದ. ಈ ಸಲ ಅವನ ಹಿಂದೆ ಇನ್ನೊಬ್ಳು ಬಂದ್ಲು. ಅಂಗಡಿ ಪಾಲಿಗೆ ಇಬ್ರೂ ಜಗಳ ಆಡಿದ್ರು. ಅವಳು ನೂಕಿದ್ಲು, ಅವನು ಮತ್ತೆ ಏಳ್ಲಿಲ್ಲ."

"ಯಾರಮ್ಮ? ಯಾರು ಬಂದಿದ್ದು?"

"ನನಗೇನು ಗೊತ್ತವ್ವ. ಅವಳೂ ಅವನಂಗೇ, ವೇಷದೋಳು." ಜಗದಾಂಬ ತಲೆಯೆತ್ತಿ ಗಂಗಾಶ್ರೀಯನ್ನು ನೋಡಿದಳು. "ನೋಡಾಕೆ ಥೇಟ್ ನಮ್ಮ ರಕ್ಷಿತಾನಂಗೇ ಇದ್ಲು."

ರೇಣುಕಾಪ್ರಸಾದ ತಂಗಿಯ ಕಡೆ ತಿರುಗಿದ.

ಅಮ್ಮನಿಗೆ ಭ್ರಮೆ, ಏನೇನೋ ಹೇಳುತ್ತಾಳೆ ಎಂದು ರಕ್ಷಿತಾ ಹೇಳಬಹುದೆಂದು ಗಂಗಾಶ್ರೀ ಕಾದಳು. ನಾನು ಸೊರಬದಲ್ಲಿದ್ದೆ ಎನ್ನಬಹುದೆಂದು ಕಾದಳು.

ರಕ್ಷಿತಾ ತಾಯಿಯ ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು.